ನೀಲಾಂಬಿಕಾ ಗೋಲು ಕಾದದ್ದು

ಲಡಾಖಿನಲ್ಲಿ ಒಂದು ಕೆರೆ. ಚಳಿಗಾಲ ಬಂದರೆ ಅದರ ನೀರು ಕಲ್ಲಿನಷ್ಟು ಗಟ್ಟಿ. ಸುತ್ತಲಿನ ಜನ ಅದರ ಮೇಲೆ ಐಸ್ ಹಾಕಿ ಎಂಬ ಆಟ ಆಡುತ್ತಾರೆ.

ಆ ಕೆರೆಯ ದಂಡೆಯ ಮೇಲೆ ಗೊನ್ಪೊ ಗುರುಗಳ ಮನೆ. ಅವರು ಹುಟ್ಟಿ ಬೆಳೆದದ್ದು ನಮ್ಮ ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ. ಪ್ರಾಯದಲ್ಲಿ ಮಂಜು ಹುಡುಕಿಕೊಂಡು ಉತ್ತರಕ್ಕೆ ಹೋದವರು ಅಲ್ಲೇ ನಿಂತರು. ತಮ್ಮ ಕಾಲಕ್ಕೆ ಹೆಸರಾದ ಗೋಲ್‌ಕೀಪರ್. ಮುಂದಿನ ಹಲ್ಲುಗಳನ್ನು ಆಟವೇ ತೆಗೆದುಕೊಂಡಿತ್ತು. ನಗುವುದಕ್ಕೆ ಅದೇನೂ ಅಡ್ಡಿಯಾಗಿರಲಿಲ್ಲ.

ಒಂದು ಚಳಿಗಾಲ ಬೆಳಗಾವಿಯಿಂದ ನೀಲಾಂಬಿಕಾ ಕಡೇಮನಿ ಎಂಬ ಹುಡುಗಿ ಅವರನ್ನು ಹುಡುಕಿಕೊಂಡು ಬಂದಳು. ಊರಲ್ಲಿ ಗಾಲಿ ಸ್ಕೇಟು ಕಟ್ಟಿಕೊಂಡು ಹಾಕಿ ಆಡಿದವಳು. ಗೋಲು ಕಾಯುವುದೆಂದರೆ ಅವಳಿಗೆ ಪ್ರಾಣ.

"ಗುರುಗಳ, ನನಗ ಐಸ್ ಮ್ಯಾಲ ಗೋಲು ಕಾಯೋದು ಕಲಸ್ರಿ."

ಎಷ್ಟೋ ವರ್ಷದ ಮೇಲೆ ಕಿವಿಗೆ ಬಿದ್ದ ಕನ್ನಡ. ಗುರುಗಳು ಅವಳ ಚೀಲದ ಕಡೆ ನೋಡಿದರು.

"ಶೇಂಗಾ ಚಟ್ನಿ ತಂದಿಯೇನು?"

"ತಂದೀನ್ರಿ."

"ಹಂಗಾದ್ರ ಒಳಗ ಬಾ."

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಇರುವುದು ಚಪ್ಪಟೆಯಾದ ಕಪ್ಪು ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಕೋಲಿನಿಂದ ಹೊಡೆದರೆ ಗುಂಡಿನ ಹಾಗೆ ಬರುತ್ತದೆ. ನೀಲಾ ಅದನ್ನು ಕಾಲಿನಿಂದ, ಕೈಯಿಂದ, ಎದೆಯಿಂದ ತಡೆಯುವುದನ್ನು ಬೇಗ ಕಲಿತಳು.

ಒಂದೇ ತೊಂದರೆ. ಒಂದು ಪಕ್ ಒಳಗೆ ಹೋದರೂ ಅವಳು ಆ ದಿನ ಊಟ ಮಾಡುತ್ತಿರಲಿಲ್ಲ.

ಒಮ್ಮೆ ಗುರುಗಳೆದುರು ಬಂದು ನಿಂತಳು.

"ಒಂದೂ ಒಳಗ ಹೋಗಬಾರದು. ಅದಕ್ಕ ಏನ್ ಮಾಡ್ಬೇಕು, ಅಷ್ಟು ಹೇಳ್ರಿ."

"ಅಷ್ಟ ಏನು? ಮುಂಜಾನೆ ಬಾ, ಮಾಡೂಣು."

ಮರುದಿನ ಮುಂಜಾನೆ ಬಂದು ನೋಡುತ್ತಾಳೆ, ಗೋಲಿನ ಬಾಯಿಗೆ ಹಲಗೆ ಹೊಡೆದಿದೆ. ಕೆಳಗಿನಿಂದ ಮೇಲಿನವರೆಗೆ, ಬೆರಳು ತೂರದ ಹಾಗೆ.

ಆಟಗಾರರು ಬಂದರು. ಒಬ್ಬ ಪಕ್ ಹೊಡೆದ. ಹಲಗೆಗೆ ಟಕ್ಕೆಂದು ಬಡಿದು ಮರಳಿತು. ಇನ್ನೊಬ್ಬ ಹೊಡೆದ. ಮತ್ತೆ ಟಕ್. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಕೋಲು ಹೆಗಲಿಗೇರಿಸಿ ಕೆರೆಯ ಆಚೆ ತುದಿಯ ಗೋಲಿನ ಕಡೆ ಹೊರಟುಹೋದರು.

ನೀಲಾ ಮೈತುಂಬ ಪ್ಯಾಡು ಕಟ್ಟಿಕೊಂಡು ಹಲಗೆಯ ಮುಂದೆ ಒಬ್ಬಳೇ ನಿಂತಳು. ಗುರುಗಳು ದಂಡೆಯ ಮೇಲೆ ಬೆಣ್ಣೆ ಚಹಾ ಕುಡಿಯುತ್ತಿದ್ದರು.

"ಗುರುಗಳ, ಎಲ್ಲಾರೂ ಆ ಕಡೆ ಹೋದ್ರು."

"ಹೌದಲ್ಲ. ಒಂದೂ ಒಳಗ ಹೋಗ್ಲಿಲ್ಲ. ಖುಷಿ ಆತೇನು?"

ನೀಲಾ ಸುತ್ತಿಗೆ ಕೇಳಿದಳು.

ಮೊಳೆ ಕಿತ್ತು ಹಲಗೆಗಳನ್ನೆಲ್ಲ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುರುಗಳು ಕೈ ಹಚ್ಚಲಿಲ್ಲ. ಗೋಲು ತೆರೆದದ್ದು ಕಂಡದ್ದೇ ಆಟಗಾರರು ಕೂಗುತ್ತ ಮರಳಿ ಬಂದರು. ಮೊದಲ ಹೊಡೆತವೇ ಒಳಗೆ ಹೋಯಿತು.

ಆ ದಿನ ನೀಲಾ ಹೊಟ್ಟೆ ತುಂಬ ಉಂಡಳು.

ವರ್ಷಗಳು ಕಳೆದವು. ನೀಲಾ ದೇಶದ ತಂಡಕ್ಕೆ ಆಡಿದಳು. ಚಳಿಗಾಲದ ಶಿಬಿರಕ್ಕೆ ಬಂದಿದ್ದ ಫಿನ್‌ಲೆಂಡಿನ ತರಬೇತುದಾರಳೊಬ್ಬಳು ಅವಳ ಆಟ ನೋಡಿ, ತನ್ನ ಊರಿನ ತಂಡಕ್ಕೆ ಕರೆದಳು. ಆಡುವುದೇ ಕೆಲಸ, ಅದಕ್ಕೆ ಸಂಬಳ. ಬೆಳಗಾವಿಯಲ್ಲಿ ಅವಳ ಅವ್ವ ಓಣಿಗೆಲ್ಲ ಕುಂದಾ ಹಂಚಿದಳು.

ಆದರೆ ಆ ತಂಡಕ್ಕೆ ಹೆಲ್ಮಿ ಎಂಬ ಗೋಲ್‌ಕೀಪರ್ ಮೊದಲೇ ಇದ್ದಳು. ಗೋಲಿನಲ್ಲಿ ನಿಲ್ಲುವವಳು ಒಬ್ಬಳೇ. ನೀಲಾ ಬೆಂಚಿನ ಮೇಲೆ ಕೂತಳು. ಪಂದ್ಯದ ಮೇಲೆ ಪಂದ್ಯ ಕೂತೇ ಇದ್ದಳು.

ಕೊನೆಗೆ ಗುರುಗಳಿಗೆ ಫೋನ್ ಮಾಡಿದಳು.

"ನಾ ಇಲ್ಲಿ ಆಡಾಕ ಬಂದೀನಿ ಗುರುಗಳ, ಕುಂದ್ರಾಕ ಅಲ್ಲ."

"ಕುಂತು ಏನ್ ಮಾಡ್ತಿ?"

"ಏನಿಲ್ಲ. ಬೆಂಚಿನ ಬಾಜೂಕ ಒಂದು ಬಾಗಲಾ ಐತಿ. ದಣದವರು ಒಳಗ ಬರ್ತಾರ, ಬ್ಯಾರೇದವರು ಹೊರಗ ಹೋಗ್ತಾರ. ಅದನ್ನ ತಗೀತೀನಿ, ಹಾಕ್ತೀನಿ."

"ಛಲೋ ತಗೀತಿಯೇನು?"

"ಬಾಗಲಾ ತಗಿಯೋದ್ರಾಗ ಛಲೋ ಏನು, ಕೆಟ್ಟ ಏನ್ರಿ?"

"ನನಗೇನು ಗೊತ್ತು? ಬಾಗಲಕ್ಕ ಕುಂತಾಕಿ ನೀನು."

ಫೋನ್ ಇಟ್ಟುಬಿಟ್ಟರು.

ನೀಲಾಳಿಗೆ ಸಿಟ್ಟು ಬಂತು. ಮುಂದಿನ ಪಂದ್ಯದಲ್ಲಿ ಬಾಗಿಲನ್ನು ದಢಾರನೆ ಹಾಕಿದಳು. ಚಿಲಕ ಸಿಕ್ಕಿಕೊಂಡಿತು. ಆಡಬೇಕಾದವಳು ಒಳಗೇ ಉಳಿದಳು, ಮೈದಾನದಲ್ಲಿ ಒಬ್ಬಳು ಕಡಿಮೆ. ಅಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದರು.

ಯಾರೂ ಬೈಯಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ ತಾಗಿತು.

ಅಂದಿನಿಂದ ನೀಲಾ ಬಾಗಿಲು ತೆಗೆಯುವುದನ್ನು ಕಲಿತಳು. ಯಾರಿಗೆ ಯಾವಾಗ ದಣಿವಾಗುತ್ತದೆ ಎಂದು ನೋಡಿದಳು. ಒಬ್ಬಳ ಎಡಭುಜ ಇಳಿಯುತ್ತಿತ್ತು. ಇನ್ನೊಬ್ಬಳು ಉಸಿರು ಕಟ್ಟಿದಾಗ ಬಲಕ್ಕೇ ಜಾರುತ್ತಿದ್ದಳು. ಅವರು ಬೆಂಚಿನ ಕಡೆ ತಿರುಗುವ ಮೊದಲೇ ಬಾಗಿಲು ತೆರೆದಿರುತ್ತಿತ್ತು. ಒಳಗೆ ಬರುವಾಗ ಅವರು ಅವಳ ಹೆಲ್ಮೆಟ್ಟನ್ನು ತಟ್ಟಿ ಬರತೊಡಗಿದರು.

ಆಮೇಲೆ ಒಂದು ಪಂದ್ಯದ ನಡುವೆ ಹೆಲ್ಮಿಯ ಮೊಣಕಾಲು ತಿರುಚಿತು. ನೀಲಾ ಗೋಲಿಗೆ ಹೋದಳು.

ತನ್ನ ಮುಂದೆ ಆಡುವ ಒಬ್ಬೊಬ್ಬರ ಉಸಿರೂ ಅವಳಿಗೆ ಗೊತ್ತಿತ್ತು. ಯಾರು ಎಲ್ಲಿ ತಡವಾಗುತ್ತಾರೋ ಅಲ್ಲಿಗೆ ಅವಳು ಮೊದಲೇ ಸರಿದಿರುತ್ತಿದ್ದಳು. ಆ ದಿನದಿಂದ ಗೋಲು ಅವಳದಾಯಿತು. ಕಾಲು ವಾಸಿಯಾಗಿ ಮರಳಿದ ಹೆಲ್ಮಿ ನಗುನಗುತ್ತ ಬಾಗಿಲಿನ ಹತ್ತಿರ ಕೂತಳು.

ಎಲ್ಲ ಸರಿಯಾಗಿತ್ತು, ಆ ಒಂದು ಗೋಲಿನವರೆಗೆ.

ಎದುರು ತಂಡದವಳೊಬ್ಬಳು ದಣಿದು ಬೆಂಚಿಗೆ ಹೋಗುವಾಗ, ಇದ್ದಲ್ಲಿಂದಲೇ ಪಕ್ಕನ್ನು ಸುಮ್ಮನೆ ಮುಂದಕ್ಕೆ ತಳ್ಳಿದಳು. ಗೋಲು ಹೊಡೆಯುವ ಆಸೆ ಅವಳಿಗೇ ಇರಲಿಲ್ಲ. ಪಕ್ ಇಡೀ ಮೈದಾನ ದಾಟಿ, ಸಂಜೆ ತಿರುಗಾಡಲು ಹೊರಟ ಮುದುಕರ ಹಾಗೆ ನಿಧಾನವಾಗಿ ಬಂದು, ನೀಲಾಳ ಕಾಲುಗಳ ನಡುವೆ ತೂರಿ ಒಳಗೆ ಹೋಯಿತು.

ಕ್ರೀಡಾಂಗಣವೆಲ್ಲ ನಕ್ಕಿತು. ತಂಡ ಸೋತಿತು. ವಿಡಿಯೋ ಊರೂರು ತಿರುಗಿ ಬೆಳಗಾವಿಗೂ ಹೋಗಿ ಮುಟ್ಟಿತು.

ಮುಂದಿನ ಪಂದ್ಯ ಗೆದ್ದರಷ್ಟೇ ಆ ತಂಡ ದೊಡ್ಡ ಲೀಗಿನಲ್ಲಿ ಉಳಿಯುತ್ತಿತ್ತು. ನೀಲಾ ಬ್ಯಾಗು ಕಟ್ಟಿದಳು. ಗುರುಗಳಿಗೆ ಫೋನ್ ಮಾಡಿದಳು.

"ನಾ ಆಟ ಬಿಟ್ಟೆ. ಊರಿಗೆ ಹೋಗ್ತೀನಿ."

"ಯಾಕ?"

"ವಿಡಿಯೋ ನೋಡಿಲ್ಲೇನು?"

"ಇಲ್ಲಲ್ಲ. ಕಳಸು."

ಕಳಿಸಿದಳು. ಆಮೇಲೆ ಫೋನಿನಲ್ಲಿ ಬೊಚ್ಚುಬಾಯಿಯ ನಗು ಕೇಳಿತು. ನಕ್ಕು ನಕ್ಕು ಕೆಮ್ಮು ಬಂತು. ಹೆಂಡತಿಯನ್ನು ಕೂಗಿ ಕರೆದರು. ಈಗ ಇಬ್ಬರೂ ನಗುತ್ತಿದ್ದರು.

"ಗುರುಗಳ! ನಾ ಅಳಾಕತ್ತೀನಿ, ನೀವು ನಗಾಕತ್ತೀರಿ!"

"ತಡಿ ತಡಿ. ಪಕ್ ಒಳಗ ಹೋದ ಮ್ಯಾಲ ನೀ ಹುಡಕ್ತಿಯಲ್ಲ, ಅದನ್ನ ಇನ್ನೊಮ್ಮೆ ನೋಡ್ತೀನಿ."

ನೀಲಾ ಅದನ್ನು ತಾನಿನ್ನೂ ನೋಡಿರಲೇ ಇಲ್ಲ. ಈಗ ನೋಡಿದಳು. ಪ್ಯಾಡು ಕಟ್ಟಿದ ಹೆಂಗಸೊಬ್ಬಳು ಕಂಕುಳಲ್ಲಿ ನೋಡುತ್ತಾಳೆ, ಕೈಗವಸಿನಲ್ಲಿ ನೋಡುತ್ತಾಳೆ, ಕೂತು ಎದ್ದು ನೋಡುತ್ತಾಳೆ. ಪಕ್ ಅವಳ ಹಿಂದೆ ಆರಾಮವಾಗಿ ಬಿದ್ದಿದೆ.

ಅಳುತ್ತಿದ್ದವಳಿಗೆ ಮೂಗಿನಿಂದ ನಗು ಬಂತು. ಬಂದದ್ದು ನಿಲ್ಲಲಿಲ್ಲ.

"ಗುರುಗಳ," ಎಂದಳು ಕಣ್ಣೊರೆಸಿಕೊಂಡು, "ಇದನ್ನ ಹೆಂಗ ಮರೀಲಿ?"

"ಯಾಕ ಮರೀತಿ? ಇಷ್ಟು ಛಲೋ ಐತಿ!"

ನೀಲಾ ಬ್ಯಾಗು ಬಿಚ್ಚಿದಳು.

ಪಂದ್ಯದ ದಿನ ಅವಳು ಮೈದಾನಕ್ಕೆ ಇಳಿದದ್ದೇ ಎದುರು ತಂಡದ ಜನ ಗೇಲಿ ಮಾಡಿ ಚಪ್ಪಾಳೆ ತಟ್ಟಿದರು. ನೀಲಾ ಅವರ ಕಡೆ ತಿರುಗಿದಳು. ಮೊದಲು ಕಂಕುಳಲ್ಲಿ ಹುಡುಕಿದಳು, ಆಮೇಲೆ ಕೈಗವಸಿನಲ್ಲಿ. ಕ್ರೀಡಾಂಗಣವೆಲ್ಲ ಮತ್ತೆ ನಕ್ಕಿತು. ಈ ಸಲ ಅವಳೂ ಜೊತೆಗೆ ನಕ್ಕಳು.

ಆಮೇಲೆ ಗೋಲಿಗೆ ಹೋಗಿ ನಿಂತಳು. ತಂಡ ಗೆದ್ದು ಲೀಗಿನಲ್ಲಿ ಉಳಿಯಿತು.

ಆ ಊರಿನಲ್ಲೇ ನೀಲಾ ಬಹಳ ವರ್ಷ ಆಡಿದಳು. ಊರಿನವರ ಬಾಯಲ್ಲಿ ಅವಳ ಹೆಸರು 'ನೀಲ' ಎಂದಾಯಿತು. ಮೊಣಕಾಲು ಸವೆದವು. ಇನ್ನು ಸಾಕು ಎಂದುಕೊಂಡ ವರ್ಷವೇ ತಂಡ ಮೊದಲ ಸಲ ಫೈನಲ್ ಮುಟ್ಟಿತು.

ನೀಲಾ ಗುರುಗಳನ್ನು ಕರೆಸಿಕೊಂಡಳು. ಉಣ್ಣೆಯ ಟೋಪಿ ಹಾಕಿಕೊಂಡು ಅವರು ಪ್ರೇಕ್ಷಕರ ನಡುವೆ ಕೂತು, "ಬಾಗಬ್ಯಾಡ ನೀಲಾ, ನೆಟ್ಟಗ ನಿಲ್ಲು!" ಎಂದು ಕೂಗುತ್ತಿದ್ದರು. ಅಕ್ಕಪಕ್ಕದವರಿಗೆ ಅರ್ಥವಾಗದಿದ್ದರೂ ಅವರೂ ಅದನ್ನೇ ಕೂಗಲು ನೋಡಿದರು.

ಕೊನೆಯ ನಿಮಿಷ. ನೀಲಾಳ ತಂಡ ಒಂದು ಗೋಲಿನಿಂದ ಮುಂದಿತ್ತು. ಎದುರಾಳಿಗಳೆಲ್ಲ ಅವಳ ಮುಂದೆ ಬಂದು ಮುತ್ತಿದರು. ಕಾಲು, ಕೋಲು, ಹಾರುವ ಮಂಜಿನ ಪುಡಿ. ಯಾರೋ ಹೊಡೆದರು. ಪಕ್ ನೀಲಾಳ ಹೆಲ್ಮೆಟ್ಟಿಗೆ ಬಡಿದು, ಗೋಲಿನ ಮೇಲಿಂದ ಆಚೆ ಹಾರಿತು.

ಆಟ ಮುಗಿಯಿತು. ಅವಳನ್ನು ಹೊತ್ತು ಮೆರೆಸಿದರು. ಇಂಥ ತಡೆ ನೋಡಿಯೇ ಇಲ್ಲ ಎಂದು ಜನ ಹಾಡಿ ಹೊಗಳಿದರು.

ಎಲ್ಲ ಮುಗಿದ ಮೇಲೆ ನೀಲಾ ಬಂದು ಗುರುಗಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಅವಳ ಮುಖ ಸಪ್ಪಗಿತ್ತು.

"ನಿಮಗ ಅಷ್ಟ ಹೇಳ್ತೀನಿ ಗುರುಗಳ. ಅದನ್ನ ನಾ ತಡೀಲಿಲ್ಲ."

"ಹೌದೇನು?"

"ನನಗದು ಕಾಣಲೇ ಇಲ್ಲ. ಯಾವ ಕಡಿಂದ ಬಂತೋ ಗೊತ್ತಿಲ್ಲ. ಇಷ್ಟು ವರ್ಷ ಕಲತದ್ದು ಕಡೀ ಹೊಡತಕ್ಕ ಏನೂ ಕೆಲಸಕ್ಕ ಬರ್ಲಿಲ್ಲ. ತಾನಾಗೇ ಬಂದು ತಲಿಗೆ ಬಡೀತು, ಅಷ್ಟ."

ಗುರುಗಳು ಅವಳ ಹಣೆಯ ಮೇಲೆ ಎದ್ದಿದ್ದ ಬುಗುಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು.

"ಬಡೀಬೇಕಂದ್ರ ಅಲ್ಲಿ ಒಂದು ತಲಿ ಇರಬೇಕಲ್ಲವ್ವಾ."