ತವರು ಹುಡುಕಿದ ಡ್ರಮ್ಮು

ಮದುವೆ ಬ್ಯಾಂಡಿನವರು ಹೇಳಿ ಮಾಡಿಸಿದ ಡ್ರಮ್ಮಿಗೆ ತನ್ನ ತವರು ಯಾವುದೆಂದು ತಿಳಿಯುವ ಹಂಬಲ ಹತ್ತಿತು. ಹಲಸಿನ ಮರವನ್ನು ಕೇಳಿತು.

"ಮೈ ನನ್ನ ಕೊಂಬೆಯದು. ಮುಖ ಮೇಕೆಯದು, ಅಲ್ಲಿ ಹೋಗಿ ಕೇಳು" ಎಂದಿತು ಮರ.

ಡ್ರಮ್ಮು ಮುದಿ ಮೇಕೆಯ ಮುಂದೆ ನಿಂತು, "ಅವ್ವಾ, ನಾನು ನಿನ್ನ ಮಗಳೇನೇ?" ಎಂದು ಜರ್ರೆಂದಿತು. ಮೇಕೆ ಬೆಚ್ಚಿ ಹಿಂದೆ ಸರಿಯಿತು; ಆಮೇಲೆ ಹತ್ತಿರ ಬಂದು ಮೂಸಿತು.

"ಚರ್ಮ ನನ್ನ ಮಗಳದ್ದೇ. ಈ ಗಂಟಲು ಎಲ್ಲಿಂದ ತಂದೆಯೇ? ಸುಮ್ಮನಿದ್ದರೆ ಮಗಳು, ಬಾಯಿ ತೆರೆದರೆ ಯಾರೋ."

"ಸುಮ್ಮನಿರಲೆಂದು ನನ್ನನ್ನು ಯಾರೂ ಮಾಡಿಸಲಿಲ್ಲ, ಅವ್ವಾ."

ಹಾಗೆಂದರೂ, ಜರ್ರೆನ್ನುವ ತನ್ನ ಅಡಿಯ ತಂತಿಗಳನ್ನು ಡ್ರಮ್ಮು ತಾನೇ ಸಡಿಲಿಸಿಕೊಂಡಿತು. ಬ್ಯಾಂಡಿನವರು ಬಂದು ಕರೆಯುವವರೆಗೂ ಮೇಕೆ ಅದರ ಮೇಲೆ ಕೆನ್ನೆಯಿಟ್ಟು ಮಲಗಿತ್ತು.