ತೊಂಬತ್ತೊಂದನೆಯವಳು

ಕರಿಕಲ್ಲು ಕಣಿವೆಯಲ್ಲಿ ಒಂದು ಭೂತವಿತ್ತು. ಅದನ್ನು ಕಂಡವರಿಲ್ಲ, ದನಿ ಮಾತ್ರ ಕೇಳಿಸುತ್ತಿತ್ತು. "ಸಾಲುಸಾಲಾಗಿ ದಾಟಿ. ಪ್ರತಿ ಸಾಲಿನಲ್ಲೂ ಅಷ್ಟಷ್ಟೇ ಜನ ಇರಬೇಕು. ಒಬ್ಬೊಬ್ಬರೇ ಬರಬೇಡಿ, ಎಲ್ಲರೂ ಒಂದೇ ಸಾಲಾಗಿಯೂ ಬರಬೇಡಿ. ಸಾಲು ಸಿಗದೆ ಉಳಿದವರು ನನಗೆ."

ಒಂದು ಮದುವೆ ದಿಬ್ಬಣ ಆ ದಾರಿ ಹಿಡಿದಿತ್ತು. ಹೋಗುವಾಗ ತೊಂಬತ್ತು ಮಂದಿ. ಇಬ್ಬಿಬ್ಬರಾಗಿ ನಿಂತು ಆರಾಮಾಗಿ ದಾಟಿದ್ದರು. ಮರಳುವಾಗ ಹೊಸ ಸೊಸೆ ನೀಲವ್ವ ಸೇರಿ ತೊಂಬತ್ತೊಂದು.

ನಡುಮಧ್ಯಾಹ್ನ ಕಣಿವೆಯ ಬಾಯಿಗೆ ಬಂದರು. ಗಾಳಿ ಇಲ್ಲ, ಒಂದು ಹಕ್ಕಿಯ ಸದ್ದೂ ಇಲ್ಲ. ಸನಾದಿಯವನು ಕೆನ್ನೆ ಉಬ್ಬಿಸಿ ಊದಿದ, ಸನಾದಿಯಿಂದ ದನಿಯೇ ಹೊರಡಲಿಲ್ಲ. ಎಲ್ಲರಿಗೂ ಭಯವಾಯಿತು.

ವರನ ದೊಡ್ಡಪ್ಪ ದ್ಯಾಮಣ್ಣ ಎಲ್ಲರನ್ನೂ ಇಬ್ಬಿಬ್ಬರಾಗಿ ನಿಲ್ಲಿಸಿದ. ಕೊನೆಗೆ ನೀಲವ್ವ ಉಳಿದಳು. ಮೂರು ಮೂರು ಮಂದಿ ನಿಂತರು. ಮತ್ತೆ ಅವಳೇ ಉಳಿದಳು. ಎರಡರಲ್ಲಿ ಸರಿಹೋಗದ್ದು ನಾಲ್ಕರಲ್ಲಿ ಎಲ್ಲಿ ಸರಿಹೋದೀತು ಅಂತ ನಾಲ್ಕನ್ನು ಬಿಟ್ಟ. ಅಷ್ಟು ಬುದ್ಧಿ ಇತ್ತು ಮಹಾರಾಯನಿಗೆ! ಐದೈದು ಮಂದಿ ನಿಂತರು. ಆಗಲೂ ಅವಳೇ.

"ಈ ಲೆಕ್ಕ ಒಡಿಯೂದಿಲ್ಲ. ಇಕಿ ಕಾಲ್ಗುಣಾನ ಛಲೋ ಇಲ್ಲ" ಅಂದ ದ್ಯಾಮಣ್ಣ.

ಅಲ್ಲ, ಅವಳನ್ನು ಪ್ರತಿ ಸಲ ಕೊನೆಗೆ ನಿಲ್ಲಿಸಿದ್ದು ಯಾರು? ಇವರೇ ತಾನೆ! ಅದು ಒಬ್ಬರ ತಲೆಗೂ ಹೊಳೆಯಲಿಲ್ಲ.

ನೀಲವ್ವ ಮೆಲ್ಲಗೆ ಕೇಳಿದಳು. "ಮಾವಾರ, ಏಳೇಳು ಮಂದಿ ನಿಂತು ನೋಡೂಣ್ರಿ."

"ನಿನ್ನೆ ಬಂದಾಕಿ, ನಮಗ ಲೆಕ್ಕ ಕಲಿಸ್ತೀಯೇನ?"

ಗಂಡ ಮಲ್ಲೇಶಿ ತಲೆ ತಗ್ಗಿಸಿದ. ಹೇಡಿ, ಹೋಗಿ ಸಾಲಿನಲ್ಲಿ ನಿಂತ.

ಅವಳನ್ನು ಅಲ್ಲೇ ಬಿಟ್ಟು ಇಬ್ಬಿಬ್ಬರಾಗಿ ನಡೆದರು. ಯಾರೂ ಉಳಿಯಲಿಲ್ಲ. "ನೋಡಿದ್ರೇನ? ಈಗ ಮೂರಕ್ಕೂ ಸರಿ, ಐದಕ್ಕೂ ಸರಿ. ಪೀಡಾ ಹೋತು" ಅಂದ ದ್ಯಾಮಣ್ಣ.

ಕಣಿವೆ ದಾಟಿದ ಮೇಲೆ ಬೆನ್ನ ಹಿಂದೆ ಭೂತದ ದನಿ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಏಳೇಳಾಗಿ ನಿಂತಿದ್ದರೆ ಹದಿಮೂರು ಸಾಲು ಆಗುತ್ತಿತ್ತು. ಒಬ್ಬರೂ ಉಳಿಯುತ್ತಿರಲಿಲ್ಲ. ನಾನು ಇವಳನ್ನು ಕೇಳಿರಲಿಲ್ಲ. ನೀವೇ ಕೊಟ್ಟಿರಿ."

ಮಲ್ಲೇಶಿ ಸಾಲು ಬಿಟ್ಟು ತಿರುಗಿದ. ಹಿಂದಕ್ಕೆ ಓಡಿದ. ಅವಳನ್ನು ಬಿಟ್ಟಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. "ನೀಲಾ!" ಅಂತ ಕೂಗಿದ.

"ಓ" ಅಂದಿತು ಇಡೀ ಕಣಿವೆ, ಅವಳದೇ ದನಿಯಲ್ಲಿ.

ನೀತಿ: ಮಕ್ಕಳೇ, ಎರಡು, ಮೂರು, ಐದು ನೋಡಿದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಅರ್ಧ ಲೆಕ್ಕ ಮಾಡಿ ಯಾರನ್ನೂ ಹೆಚ್ಚಾದವರು ಅನ್ನಬೇಡಿ. ಕೈಬಿಟ್ಟ ಮೇಲೆ ಸರಿಯುತ್ತರ ಸಿಕ್ಕರೂ ಹೋದವರು ಬರುವುದಿಲ್ಲ.