ಮಂಚಕ್ಕೆ ಬಂದ ಸೈಕಲ್ ಗಂಟೆ

ಅಂಚೆ ಹಂಚುವ ಜವರಯ್ಯನವರಿಗೆ ಹೃದಯಾಘಾತವಾಯಿತು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹೆಂಡತಿ ಹೊನ್ನಮ್ಮ ಸೈಕಲ್ಲಿನ ಗಂಟೆಯನ್ನು ಬಿಚ್ಚಿ ಮಂಚದ ಕಂಬಿಗೆ ಬಿಗಿದರು. ಏನು ಬೇಕಾದರೂ ಜವರಯ್ಯನವರು ಒಮ್ಮೆ ಬಾರಿಸಿದರೆ ಸಾಕು, ಹೊನ್ನಮ್ಮ ಓಡಿ ಬರುತ್ತಿದ್ದರು.

ಎರಡು ವಾರ ಕಳೆದ ಮೇಲೆ ಗಂಟೆ ಕಿಟಕಿಯಿಂದ ಅಂಗಳದ ಸೈಕಲ್ಲಿಗೆ ಹೇಳಿತು: "ಇಪ್ಪತ್ತು ವರ್ಷ ನೀನು ಅವರನ್ನು ಬಿಸಿಲಲ್ಲಿ ದುಡಿಸಿದೆ. ನಾನು ಒಂದು ಲೋಟ ನೀರಿಗೂ ಅವರನ್ನು ಏಳಿಸುವುದಿಲ್ಲ."

"ನಿನ್ನೆ ಅವರು ಬಚ್ಚಲಿಗೆ ಹೋಗುವಾಗ ಎರಡು ಸಲ ಗೋಡೆ ಹಿಡಿದು ನಿಂತರು," ಎಂದಿತು ಸೈಕಲ್ಲು. "ಹೋದ ವಾರ ಒಂದೇ ಸಲ ನಿಂತಿದ್ದರು."



ಮರುದಿನ ಗಂಡನನ್ನು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದ ಹೊನ್ನಮ್ಮ ಗಂಟೆಯನ್ನು ಮತ್ತೆ ಸೈಕಲ್ಲಿಗೇ ಬಿಗಿದರು. "ದಿನಾ ಸ್ವಲ್ಪ ಸ್ವಲ್ಪ ನಡೀಲೇಬೇಕು ಅಂದವ್ರೆ ಡಾಕ್ಟ್ರು. ನೀರು ಬೇಕಾದ್ರೆ ಇಲ್ಲಿಗೇ ಬಂದು ಬಾರ್ಸಿ," ಎಂದರು.

"ಬಿದ್ದುಬಿಡುತ್ತಾರೆ," ಎಂದಿತು ಗಂಟೆ.

"ನಿಧಾನವಾಗಿ ಬರುತ್ತಾರೆ," ಎಂದಿತು ಸೈಕಲ್ಲು.

ಮೊದಲ ದಿನ ಜವರಯ್ಯನವರು ಮೂರು ಕಡೆ ನಿಂತು ಸುಧಾರಿಸಿಕೊಂಡು ಅಂಗಳಕ್ಕೆ ಬಂದರು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲಿಯೂ ನಿಲ್ಲದೆ ಬಂದರು. ಹೆಬ್ಬೆರಳನ್ನು ಗಂಟೆಯ ಮೇಲಿಟ್ಟರು, ಆದರೆ ಒತ್ತಲಿಲ್ಲ. ಸ್ಟ್ಯಾಂಡು ತೆಗೆದು, ಸೈಕಲ್ಲನ್ನು ಮೆಲ್ಲಗೆ ತಳ್ಳಿಕೊಂಡು ಬೀದಿಗಿಳಿದರು.

ಸ್ವಲ್ಪ ಹೊತ್ತಿಗೆ ಗಂಟೆಯ ಸದ್ದಾಯಿತು. ಹೊನ್ನಮ್ಮ ನೀರಿನ ಲೋಟ ಹಿಡಿದು ಓಡಿ ಬಂದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಗಂಟೆ ಬೀದಿಯ ತಿರುವಿನಾಚೆಯಿಂದ ಇನ್ನೊಮ್ಮೆ ಕೇಳಿಸಿತು.